ಇಬ್ಬರು ಲಾಕ್ಲನ್, ಒಬ್ಬ ಡನ್‌ರೋಯ್

ನಮ್ಮ ಕಣಿವೆಯಲ್ಲಿ ಚೊಚ್ಚಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡಬೇಕು, ಎರಡನೆಯವನಿಗೆ ಅವ್ವನ ಅಪ್ಪನ ಹೆಸರು. ಇದರಲ್ಲಿ ಯಾರ ಜಾಣತನವೂ ನಡೆಯುವುದಿಲ್ಲ. ಒಬ್ಬ ಅಜ್ಜನನ್ನು ಬಿಟ್ಟರೆ ಆ ಕಡೆಯ ಬೀಗರಿಗೆ ಮತ್ತೆ ಮುಖ ತೋರಿಸುವಂತಿಲ್ಲ. ಡನ್‌ರೋಯ್ ಮನೆಯ ಟಾರ್ಕಿಲ್ ದೊರೆಗೆ ಎರಡನೆಯ ಗಂಡುಮಗು ಹುಟ್ಟಿದಾಗ ಒಂದು ಪೇಚಾಟವಾಯಿತು. ಅವನ ಅಪ್ಪನ ಹೆಸರು ಲಾಕ್ಲನ್, ಹೆಂಡತಿಯ ಅಪ್ಪನ ಹೆಸರೂ ಲಾಕ್ಲನ್. ಯಾವ ಅಜ್ಜನನ್ನು ಬಿಡುವುದು? ಯಾರನ್ನೂ ಬಿಡಲಿಲ್ಲ. ಇಬ್ಬರು ಮಕ್ಕಳಿಗೂ ಲಾಕ್ಲನ್ ಎಂದೇ ಇಟ್ಟರು. ಕೆಂಪು ಕೂದಲಿನ ಹಿರಿಯವನು ಕೆಂಪು ಲಾಕ್ಲನ್, ಕಪ್ಪು ಕೂದಲಿನ ಕಿರಿಯವನು ಕಪ್ಪು ಲಾಕ್ಲನ್. ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಇಂಗ್ಲಿಷರಿಗೆ ಕಂಡಿತು, ಅದರಿಂದ ಒಬ್ಬನ ಕುತ್ತಿಗೆಗೆ ಹಗ್ಗ ಬಂತು.

ಇನ್ನೊಂದು ಮಾತು. ನೆಲದ ಒಡೆಯನನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ. ನೆಲದ ಹೆಸರೇ ಅವನ ಹೆಸರು. ಟಾರ್ಕಿಲ್ ಇರುವಷ್ಟು ದಿನ ಅವನೇ ಡನ್‌ರೋಯ್. ಅವನು ಹೋದ ಮೇಲೆ ಹಿರಿಯ ಮಗ ಡನ್‌ರೋಯ್. ಕಿರಿಯವನು ಎಂಥ ಶೂರನೇ ಆಗಲಿ, ಸಾಯುವತನಕ ಬರಿಯ ಲಾಕ್ಲನ್.

ಆ ಮನೆಯ ವಂಶಾವಳಿ ಬಾಯಲ್ಲಿ ಇಟ್ಟುಕೊಂಡು ಬಂದದ್ದು. ಯಾರು ಯಾರ ಮಗ, ಯಾವ ಕಾಳಗದಲ್ಲಿ ಬಿದ್ದ, ಎಲ್ಲಿ ಮಣ್ಣಾದ, ಎಲ್ಲ ಒಂದೇ ಉಸಿರಿಗೆ ಬರಬೇಕು. ಹಾಸಿಗೆಯ ಮೇಲೆ ಸತ್ತ ಗಂಡಸರು ಅದರಲ್ಲಿ ಕಡಿಮೆ, ಇದ್ದವರ ಹೆಸರನ್ನು ಸ್ವಲ್ಪ ಬೇಗ ಹೇಳಿ ಮುಗಿಸುವುದು ರೂಢಿ. ಇದನ್ನು ಒಪ್ಪಿಸುವ ಹಕ್ಕು ಶೀಲಸ್ ಎಂಬುವಳ ತವರಿನದು. ಅವಳ ಅಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಅವಳಿಗೆ ಬಂತು. ಕಮ್ಮಾರನ ಹೆಂಡತಿ, ಬಾಯಿ ಜೋರು, ದೊರೆಯ ಎದುರಿಗೂ ದನಿ ತಗ್ಗಿಸಿದವಳಲ್ಲ. ಅವಳ ಚೊಚ್ಚಲ ಕೂಸು ತಿಂಗಳು ತುಂಬುವ ಮೊದಲೇ ತೀರಿಕೊಂಡಾಗ, ಆಗಷ್ಟೇ ಹುಟ್ಟಿದ ಕೆಂಪು ಲಾಕ್ಲನ್‌ನನ್ನು ತಂದು ಅವಳ ಮಡಿಲಿಗೆ ಹಾಕಿದರು. ದೊಡ್ಡ ಹುಡುಗನಾಗುವವರೆಗೆ ಅವನು ಅವಳ ಮನೆಯಲ್ಲೇ ಬೆಳೆದ. ಹೆತ್ತವಳನ್ನು ಅಮ್ಮಾವ್ರು ಎನ್ನುತ್ತಿದ್ದ, ಇವಳನ್ನು ಸಾಕವ್ವ ಎನ್ನುತ್ತಿದ್ದ. ಅವನು ಹಾಗೆಂದನೆಂದು ತಮ್ಮನೂ ಹಾಗೇ ಕರೆದ.

ರಾಜಕುಮಾರ ಚಾರ್ಲ್ಸ್ ಹಡಗಿನಿಂದ ಇಳಿದು, ಆಗ ಆಳುತ್ತಿದ್ದ ರಾಜನನ್ನು ಇಳಿಸಿ ತನ್ನ ಅಪ್ಪನಿಗೆ ಸಿಂಹಾಸನ ಕೊಡಿಸುತ್ತೇನೆಂದು ಜನ ಕೂಡಿಸತೊಡಗಿದಾಗ ಟಾರ್ಕಿಲ್ ದೊರೆ ಬಹಳ ದೊರೆಗಳು ಹಾಕಿದ ಲೆಕ್ಕವನ್ನೇ ಹಾಕಿದ. ಒಬ್ಬ ಮಗ ರಾಜನ ಕಡೆ, ಒಬ್ಬ ಮಗ ರಾಜಕುಮಾರನ ಕಡೆ. ಯಾರು ಗೆದ್ದರೂ ನೆಲ ಮನೆಯಲ್ಲೇ ಉಳಿಯುತ್ತದೆ. ಹಿರಿಯವನನ್ನು ರಾಜನ ಕಡೆ ಭದ್ರವಾಗಿಟ್ಟು ಕಿರಿಯವನನ್ನು ಜೂಜಿಗೆ ಒಡ್ಡಬೇಕು, ಇದು ಪದ್ಧತಿ. ಆದರೆ ಕಪ್ಪು ಲಾಕ್ಲನ್ ಆಗಲೇ ರಾಜನ ಪಡೆ ಸೇರಿ ಕೆಂಪು ಕೋಟು ತೊಟ್ಟು ಉತ್ತರದ ಕೋಟೆಯಲ್ಲಿದ್ದ. ಕೆಂಪು ಲಾಕ್ಲನ್‌ಗೆ ಹೇಳಿದ ಮಾತು ಕೇಳಿ ಗೊತ್ತಿರಲಿಲ್ಲ. ಕಣಿವೆಯ ಗಂಡಸರನ್ನು ಕಟ್ಟಿಕೊಂಡು ರಾಜಕುಮಾರನ ಹಿಂದೆ ಹೊರಟೇಬಿಟ್ಟ. ಅಪ್ಪನ ಲೆಕ್ಕ ತಲೆಕೆಳಗಾಯಿತು. ಚಳಿಗಾಲದಲ್ಲಿ ಅಪ್ಪ ಜ್ವರ ಬಂದು ಹಾಸಿಗೆಯ ಮೇಲೆಯೇ ತೀರಿಕೊಂಡ, ಪಾಪ. ವಸಂತದಲ್ಲಿ ಕಲೋಡನ್ ಬಯಲಿನಲ್ಲಿ ರಾಜಕುಮಾರನ ಪಡೆ ಒಂದೇ ಏಟಿಗೆ ಮಣ್ಣುಮುಕ್ಕಿತು.

ಆಮೇಲೆ ಶುರುವಾಯಿತು ಬೆಂಕಿ. ದಂಗೆ ಎದ್ದ ದೊರೆಯ ನೆಲ ರಾಜನಿಗೆ, ದನಕರು ಸಿಪಾಯಿಗಳಿಗೆ, ಒಕ್ಕಲಿನ ಸೂರುಗಳು ಬೆಂಕಿಗೆ. ಪಕ್ಕದ ಕಣಿವೆಯಲ್ಲಿ ಹೊಗೆ ಎದ್ದದ್ದನ್ನು ನಮ್ಮವರು ಗುಡ್ಡದ ಮೇಲೆ ನಿಂತು ನೋಡಿದ್ದರು. ಈಗ ಡನ್‌ರೋಯ್ ಎಂದರೆ ಕೆಂಪು ಲಾಕ್ಲನ್, ಅವನು ದಂಗೆಕೋರ. ಯಾರಾದರೂ ಬಂದು ವಿಚಾರಿಸಿದರೆ ಎಲ್ಲ ಮುಗಿಯಿತು.

ಕೆಂಪು ಲಾಕ್ಲನ್ ಬದುಕಿದ್ದ. ಸೊಂಟಕ್ಕೆ ಗುಂಡು ಸವರಿಕೊಂಡು ಹೋಗಿತ್ತು, ಕುಂಟುತ್ತಾ ಮನೆ ಸೇರಿದ್ದ. ಶೀಲಸ್ ಅವನ ತಲೆ ನುಣ್ಣಗೆ ಬೋಳಿಸಿ, ಕುರಿಗೆ ಬಳಿಯುವ ಡಾಂಬರನ್ನು ಅದರ ಮೇಲೆ ಬಳಿದು, ಹುಬ್ಬಿಗೆ ಮಸಿ ತಿಕ್ಕಿ, ಒಂದು ಕೊಳಕು ಟೋಪಿ ಹಾಕಿಸಿ ಕೊಟ್ಟಿಗೆಯಲ್ಲಿ ದನ ಕಾಯುವವನನ್ನಾಗಿ ಮಾಡಿದಳು. ಅವನ ಹೆಂಡತಿ ಮಾರ್ಸಲಿ ಹಸಿ ಬಾಣಂತಿ. ಊಟ ಕೊಡುವ ನೆಪದಲ್ಲಿ ಕೊಟ್ಟಿಗೆಗೆ ಹೋಗಿ ಮಗುವಿನ ಮುಖ ತೋರಿಸಿ ಬರುತ್ತಿದ್ದಳು. ಇದೆಲ್ಲವನ್ನೂ ನನಗೆ ಹೇಳಿದವಳು ಅವಳೇ, ನನ್ನಜ್ಜಿ.

ಜೂನ್ ತಿಂಗಳ ಒಂದು ಬೆಳಿಗ್ಗೆ ಸಿಪಾಯಿಗಳು ಬಂದರು. ಮುಂದೆ ಕುದುರೆಯ ಮೇಲೆ ಹೆಬ್ಡನ್ ಎಂಬ ಇಂಗ್ಲಿಷ್ ಕ್ಯಾಪ್ಟನ್. ಪಕ್ಕದಲ್ಲಿ ಮಾತು ತಿರುಗಿಸಿ ಹೇಳಲು ಡೂಗಲ್ಡ್, ಸರೋವರದ ಆಚೆ ದಡದವನು, ನಮ್ಮದೇ ಭಾಷೆಯವನು, ರಾಜನ ಕಡೆಯ ಪಡೆಯಲ್ಲಿ ಹವಾಲ್ದಾರ. ಟಾರ್ಕಿಲ್ ದೊರೆಯ ಕಾಲದಲ್ಲಿ ಇದೇ ಮನೆಯಲ್ಲಿ ಎಷ್ಟೋ ಸಲ ಉಂಡುಹೋದವನು. ಹಿಂದೆ, ಕೈ ಕಟ್ಟಿಸಿಕೊಂಡು, ಗುಂಡಿ ಕಿತ್ತ ಕೆಂಪು ಕೋಟಿನಲ್ಲಿ ನಡೆದು ಬಂದವನು ಕಪ್ಪು ಲಾಕ್ಲನ್. ಅವನ ಕುತ್ತಿಗೆಯಲ್ಲಿ ಆಗಲೇ ಹಗ್ಗವಿತ್ತು, ಅದರ ತುದಿ ಒಬ್ಬ ಸಿಪಾಯಿಯ ಕೈಯಲ್ಲಿತ್ತು.

ಕ್ಯಾಪ್ಟನ್ ಹಜಾರಕ್ಕೆ ಬಂದು ಒಲೆಯ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕುಳಿತ. ಅದು ಯಾರ ಕುರ್ಚಿಯೆಂದು ಕೇಳುವ ಸೌಜನ್ಯ ಅವನಿಗಿರಲಿಲ್ಲ. ಸಿಕ್ಕ ಒಕ್ಕಲಿನವರನ್ನೆಲ್ಲ ಒಳಗೆ ತಂದು ಗೋಡೆಗೆ ಸಾಲಾಗಿ ನಿಲ್ಲಿಸಿದರು.

"ಈ ಮನುಷ್ಯ ನಿಮ್ಮ ದೊರೆ ಮಗ ಲಾಕ್ಲನ್. ಹೌದು ತಾನೆ?" ಎಂದ ಕ್ಯಾಪ್ಟನ್. ಡೂಗಲ್ಡ್ ನಮ್ಮ ಮಾತಿನಲ್ಲಿ ಹೇಳಿದ.

"ಹೌದು," ಎಂದಳು ಶೀಲಸ್. "ಹಗ್ಗ ಯಾಕೆ ಹಾಕಿದೀರಿ? ಅವನೇನು ಹೋರಿನಾ?"

ಡೂಗಲ್ಡ್ ಹೋರಿಯನ್ನು ಬಿಟ್ಟು ಉಳಿದದ್ದನ್ನು ಹೇಳಿದ.

"ಇವನು ರಾಜನ ಸಂಬಳ ತಿಂದವನು. ಡನ್‌ರೋಯ್ ಮಗ ಲಾಕ್ಲನ್ ಕಲೋಡನ್‌ನಲ್ಲಿ ಕತ್ತಿ ಹಿಡಿದು ನಮ್ಮ ಮೇಲೆ ಬಿದ್ದ ಅಂತ ಸೆರೆ ಸಿಕ್ಕ ದಂಗೆಕೋರರು ಒಬ್ಬರಲ್ಲ, ಹತ್ತು ಜನ ಹೇಳಿದಾರೆ. ಚಳಿಗಾಲದ ಕೊನೇಲಿ ಕೋಟೆ ದಂಗೆಕೋರರ ಕೈಗೆ ಹೋದಾಗ ಪಡೆ ಬಿಟ್ಟು ಓಡಿ, ಆ ಕಡೆ ಸೇರಿ, ಸೋತ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ವಾಪಸ್ ಬಂದಿದಾನೆ. ಅಂಥವನನ್ನ ಅವನ ಮನೆ ಬಾಗಿಲಲ್ಲೇ ನೇತುಹಾಕಬೇಕು ಅಂತ ನನಗೆ ಅಪ್ಪಣೆಯಾಗಿದೆ."

"ಅವನಲ್ಲ," ಎಂದಳು ಮಾರ್ಸಲಿ. ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು. "ಅದು ಬೇರೆ ಲಾಕ್ಲನ್."

ಕ್ಯಾಪ್ಟನ್ ನಕ್ಕ. "ಇವನೂ ದಾರಿಯುದ್ದಕ್ಕೂ ಇದನ್ನೇ ಹಾಡ್ತಾ ಬಂದ. ಒಡಹುಟ್ಟಿದವನೊಬ್ಬ ಇದಾನಂತೆ, ಅವನ ಹೆಸರೂ ಲಾಕ್ಲನ್ ಅಂತೆ. ಬದುಕಿರೋ ಇಬ್ಬರು ಮಕ್ಕಳಿಗೆ ಒಂದೇ ಹೆಸರಿಡೋ ಹುಚ್ಚರು ಎಲ್ಲಿದಾರೆ? ನಮ್ಮ ಕಡೆ ನಾಯಿಗಳಿಗೂ ಬೇರೆ ಬೇರೆ ಹೆಸರಿಡ್ತೀವಿ."

"ನಿಮ್ಮ ಕಡೆ ನಾಯಿಗಳಿಗೆ ಅಜ್ಜ ಯಾರು ಅಂತ ಗೊತ್ತಿರಲ್ಲ," ಎಂದಳು ಶೀಲಸ್.

ಡೂಗಲ್ಡ್ ಕೆಮ್ಮಿದ. "ಇಬ್ಬರು ಅಜ್ಜಂದಿರ ಹೆಸರೂ ಒಂದೇ ಆಗಿತ್ತಂತೆ, ಸಾಹೇಬ್ರೆ. ಈ ಕಡೆ ಹಾಗೆ ಇಡ್ತಾರೆ. ನನ್ನ ಚಿಕ್ಕಪ್ಪಂದಿರಲ್ಲೇ ಇಬ್ಬರು ಡಂಕನ್ ಇದ್ರು."

ಕ್ಯಾಪ್ಟನ್ ನಗು ನಿಲ್ಲಿಸಿ ಬೂಟುಗಾಲು ಚಾಚಿದ. ಅವನು ದಡ್ಡನಲ್ಲ, ಅದೇ ಕಷ್ಟವಾದದ್ದು. "ಸರಿ. ಇಬ್ಬರು ಅಂತಲೇ ಇಟ್ಕೊಳ್ಳೋಣ. ಇವನು ನಮ್ಮವನು, ಇನ್ನೊಬ್ಬ ದಂಗೆಕೋರ. ಹಾಗಾದರೆ ಇಬ್ಬರಲ್ಲಿ ಹಿರಿಯವನು ಯಾರು? ಡನ್‌ರೋಯ್ ಯಾರು?"

ಒಬ್ಬನೇ ಲಾಕ್ಲನ್ ಎಂದರೆ ಕಪ್ಪು ಲಾಕ್ಲನ್ ಈಗಲೇ ಬಾಗಿಲ ತೊಲೆಯಲ್ಲಿ ನೇತಾಡುತ್ತಾನೆ. ಇಬ್ಬರು ಎಂದು ನಿಜ ಹೇಳಿದರೆ, ಡನ್‌ರೋಯ್ ದಂಗೆಕೋರನಾಗುತ್ತಾನೆ. ಕತ್ತಲಾಗುವುದರೊಳಗೆ ಕಣಿವೆಯ ಸೂರುಗಳಿಗೆ ಬೆಂಕಿ ಬೀಳುತ್ತದೆ, ಕೊಟ್ಟಿಗೆಯಲ್ಲಿರುವವನ ಬೇಟೆ ಶುರುವಾಗುತ್ತದೆ. ಉಳಿದದ್ದು ಒಂದೇ ದಾರಿ. ಅದನ್ನು ತುಳಿಯುವ ಹಕ್ಕಿದ್ದದ್ದೂ ಒಬ್ಬಳಿಗೇ.

"ವಂಶಾವಳಿ ಒಪ್ಪಿಸ್ತೀನಿ, ಕೇಳಿಸ್ಕೊಳ್ಳಿ ಅಂತ ಹೇಳು ಅವನಿಗೆ," ಎಂದಳು ಶೀಲಸ್.

ಸಾಮಾನ್ಯವಾಗಿ ಈಗಿನವನಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತಾರೆ. ಅವಳು ಅಂದು ಬೇರಿನಿಂದ ಶುರುಮಾಡಿದಳು. ಯೋಚಿಸಲು ಅವಳಿಗೆ ಹೊತ್ತು ಬೇಕಿತ್ತು.

ಶಾಲನ್ನು ಬಿಗಿಯಾಗಿ ಹೊದ್ದು, ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿ, ಕಣ್ಣು ಮುಚ್ಚಿ ಹೇಳಿದಳು. ದೋಣಿಯಲ್ಲಿ ಬಂದು ಕಲ್ಲಿನ ಮನೆ ಕಟ್ಟಿದ ಟಾರ್ಕಿಲ್. ಅವನ ಮಗ ಈವರ್, ಫ್ಲಾಡನ್ ಕಾಳಗದಲ್ಲಿ ರಾಜನ ಪಕ್ಕದಲ್ಲೇ ಬಿದ್ದವನು. ಈವರನ ಮಕ್ಕಳು ಇಬ್ಬರು ಟಾರ್ಕಿಲ್‌ಗಳು, ಒಬ್ಬ ಬಿಳಿಯ, ಒಬ್ಬ ಗಿಡ್ಡ. ಇಲ್ಲಿ ಅವಳು ಕಣ್ಣು ತೆರೆದು ಕ್ಯಾಪ್ಟನ್‌ನತ್ತ ನೋಡಿ, ಇಬ್ಬರು, ಎಂದು ಮತ್ತೊಮ್ಮೆ ಹೇಳಿದಳು. ಬಿಳಿಯ ಟಾರ್ಕಿಲ್‌ನ ಮರಿಮಗ ಸ್ವೀಡನ್ ರಾಜನ ಸಂಬಳಕ್ಕೆ ಹೋಗಿ ಜರ್ಮನರ ನಾಡಿನಲ್ಲಿ ಮಣ್ಣಾದ. ಅವನ ಮಗ ಕಿಲಿಕ್ರ್ಯಾಂಕಿಯ ಇಳಿಜಾರಿನಲ್ಲಿ. ಅವನ ಮಗ ಲಾಕ್ಲನ್ ಶೆರಿಫ್‌ಮ್ಯೂರ್‌ನಲ್ಲಿ ಎಡಗೈ ಕಳೆದುಕೊಂಡು ಬಲಗೈಯಿಂದ ಮತ್ತೆ ಬಹಳ ವರ್ಷ ಊಟ ಮಾಡಿದ. ಡೂಗಲ್ಡ್ ಒಂದೊಂದನ್ನೂ ತಿರುಗಿಸಿ ಹೇಳಿದ. ಕ್ಯಾಪ್ಟನ್ ಒಮ್ಮೆ ಆಕಳಿಸಿದ. ಗೋಡೆಗೆ ನಿಂತ ನಮ್ಮವರು ಆಕಳಿಸಲಿಲ್ಲ. ಅವರಿಗೆ ಆ ಹೆಸರುಗಳೆಲ್ಲ ಬಾಯಿಪಾಠ, ಕೊನೆಯ ಕೊಂಡಿ ಹತ್ತಿರವಾಗುತ್ತಿದೆ ಎಂದು ಗೊತ್ತಿತ್ತು.

"ಕೈಯಿಲ್ಲದ ಲಾಕ್ಲನ್‌ನ ಮಗ ಟಾರ್ಕಿಲ್," ಎಂದು ಶೀಲಸ್ ನಿಂತಳು. ಮಾರ್ಸಲಿಯತ್ತ ನೋಡಲಿಲ್ಲ. "ಟಾರ್ಕಿಲ್‌ನ ಚೊಚ್ಚಲ ಮಗ ಲಾಕ್ಲನ್, ಕಪ್ಪು ಕೂದಲಿನವನು. ಅವನ ತಮ್ಮ ಲಾಕ್ಲನ್, ಕೆಂಪು ಕೂದಲಿನವನು."

ತಲೆತಲಾಂತರದಿಂದ ಒಂದು ಹೆಸರೂ ಹಿಂದುಮುಂದಾಗದ ಮಾತು ಅದು. ಅವಳ ಅಪ್ಪ ಸಾಯುವ ದಿನವೂ ತಪ್ಪಿಲ್ಲದೆ ಹೇಳಿದ್ದ. ಅವಳು ಅದನ್ನು ಮುರಿದಳು. ಮುರಿದದ್ದು ಬೇರೆ ಯಾರ ಪಾಲನ್ನೂ ಅಲ್ಲ, ತಾನು ಹಾಲು ಕೊಟ್ಟವನ ಪಾಲನ್ನು. ನನಗೆ ಇವತ್ತಿಗೂ ಅದು ಅನ್ಯಾಯವೆನಿಸುತ್ತದೆ, ಆದರೂ ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಡೂಗಲ್ಡ್‌ಗೆ ನಿಜ ಗೊತ್ತಿತ್ತು. ಕೆಂಪು ಹುಡುಗನನ್ನು ಟಾರ್ಕಿಲ್ ದೊರೆ ತನ್ನ ಬಲಗಡೆ ಕೂರಿಸಿಕೊಳ್ಳುತ್ತಿದ್ದುದನ್ನು ಅವನು ಈ ಹಜಾರದಲ್ಲೇ ನೋಡಿದ್ದ. ಅವನು ಸುಮ್ಮನೆ ಶೀಲಸ್‌ಳ ಮುಖ ನೋಡಿದ. ಕ್ಯಾಪ್ಟನ್, "ಏನಂದಳು?" ಎಂದು ಎರಡು ಸಲ ಕೇಳಬೇಕಾಯಿತು.

"ಇವನೇ ಹಿರಿಯವನಂತೆ, ಸಾಹೇಬ್ರೆ. ದಂಗೆಗೆ ಹೋದವನು ಕಿರಿಯವನಂತೆ," ಎಂದ ಡೂಗಲ್ಡ್.

"ಅನುಕೂಲವಾಗಿದೆ," ಎಂದ ಕ್ಯಾಪ್ಟನ್. "ಇನ್ನೊಬ್ಬ ನಿಜವಾಗಿ ಇದ್ದ ಅನ್ನೋದಕ್ಕೆ ಏನು ಗುರುತು? ಮುದುಕಿ ಹಾಡಿದ ಹಾಡು ಬಿಟ್ಟು ಬೇರೆ ಏನಿದೆ?"

ಮಾರ್ಸಲಿ ಮುಂದೆ ಬಂದು ಮಗುವಿನ ಬಟ್ಟೆ ಸರಿಸಿದಳು. ಇನ್ನೂ ಕತ್ತು ನಿಲ್ಲದ ಕೂಸು.

"ಇದು ಗುರುತು. ಈ ಮನುಷ್ಯ ಹೋದ ಬೇಸಿಗೆಗೆ ಮುಂಚೆಯಿಂದ ಚಳಿಗಾಲದವರೆಗೂ ನಿಮ್ಮ ಕೋಟೇಲೇ ಇದ್ದ ಅಂತ ನಿಮಗೇ ಗೊತ್ತು. ನನ್ನ ಗಂಡ ಇವನಾದರೆ ಈ ಕೂಸು ಎಲ್ಲಿಂದ ಬಂತು? ನಾನು ದೊರೆ ಮನೆ ಸೊಸೆ, ಊರೆಲ್ಲ ನೋಡ್ತಾ ಇರುತ್ತೆ. ಲೆಕ್ಕ ಹಾಕ್ಕೊಳ್ಳಿ."

ಡೂಗಲ್ಡ್ ಕಿವಿ ಕೆಂಪಗೆ ಮಾಡಿಕೊಂಡು ಹೇಳಿದ. ಕ್ಯಾಪ್ಟನ್ ನಿಜಕ್ಕೂ ಲೆಕ್ಕ ಹಾಕಿದ, ಅವನ ತುಟಿ ಅಲ್ಲಾಡಿದ್ದು ಎಲ್ಲರಿಗೂ ಕಾಣಿಸಿತು. ಮಗುವಿನ ತಲೆಯ ಮೇಲಿನ ಕೆಂಪು ನವಿರನ್ನೂ ಕಪ್ಪು ಲಾಕ್ಲನ್‌ನ ಕೂದಲನ್ನೂ ನೋಡಿದ. ಇಬ್ಬರಿದ್ದರೆಂದು ಆ ಹೊತ್ತಿಗೆ ನಂಬಿದ.

"ನಿನ್ನ ಗಂಡ ಎಲ್ಲಿ?"

"ಕಲೋಡನ್‌ನಲ್ಲಿ ಬಿದ್ದ."

"ಹೆಣ ನೋಡಿದೆಯಾ?"

"ನೀವು ಹೆಂಗಸರನ್ನ ಆ ಬಯಲಿಗೆ ಬಿಟ್ರಾ, ನೋಡೋಕೆ?"

ಅವನು ಎದ್ದು ಕಪ್ಪು ಲಾಕ್ಲನ್‌ನ ಎದುರು ನಿಂತ. "ಇವರೆಲ್ಲ ಹೇಳಿದರು. ನೀನು ಹೇಳಿಲ್ಲ. ಕೋಟೆಯಿಂದ ಇಲ್ಲಿವರೆಗೆ, ನಾನೇ ಡನ್‌ರೋಯ್ ಅಂತ ನಿನ್ನ ಬಾಯಿಂದ ಒಂದು ಸಲಾನೂ ಬರಲಿಲ್ಲ. ಬರಬೇಕಿತ್ತು ಅಲ್ವಾ? ಈಗ ಆಣೆ ಮಾಡಿ ಹೇಳು. ನಮ್ಮ ಪವಿತ್ರ ಪುಸ್ತಕದ ಮೇಲೆ ಬೇಡ, ಅದಕ್ಕೆ ನೀವು ಹೆದರ್ತೀರೋ ಇಲ್ವೋ ನನಗೆ ಗೊತ್ತಿಲ್ಲ. ನಿಮ್ಮ ಕಬ್ಬಿಣದ ಮೇಲೆ ಮಾಡು."

ಈ ಬುದ್ಧಿ ಅವನಿಗೆ ಯಾರು ಹೇಳಿಕೊಟ್ಟಿದ್ದರೋ. ಕಠಾರಿ ಮುಟ್ಟಿ ಸುಳ್ಳು ಆಣೆ ಮಾಡಿದವನು ಅದೇ ಕಬ್ಬಿಣದಿಂದ ಸಾಯುತ್ತಾನೆ, ಅವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯುವುದಿಲ್ಲ. ನಮ್ಮವರು ರಾಜನಿಗೆ ಸುಳ್ಳು ಹೇಳಿಯಾರು, ಪಾದ್ರಿಗಂತೂ ದಿನವೂ ಹೇಳುತ್ತಾರೆ, ಕಬ್ಬಿಣಕ್ಕೆ ಹೇಳುವುದಿಲ್ಲ. ಡೂಗಲ್ಡ್ ತನ್ನ ಸೊಂಟದ ಕಠಾರಿ ಎಳೆದು ಅಂಗೈಯಲ್ಲಿ ಅಡ್ಡ ಹಿಡಿದ. ಸಿಪಾಯಿ ಕೈದಿಯ ಕೈ ಬಿಚ್ಚಿದ. ಹಗ್ಗ ಕುತ್ತಿಗೆಯಲ್ಲೇ ಇತ್ತು.

ಕಪ್ಪು ಲಾಕ್ಲನ್ ಕೈ ನೀಡಲಿಲ್ಲ. ಕಠಾರಿಯನ್ನೇ ನೋಡುತ್ತಾ ನಮ್ಮ ಮಾತಿನಲ್ಲಿ ಮೆಲ್ಲಗೆ ಹೇಳಿದ, "ಸಾಕವ್ವ, ನನ್ನಿಂದ ಆಗಲ್ಲ. ಅವನ ಪಾಲನ್ನ ನಾನು ಹೇಗೆ ತಿನ್ನಲಿ?"

"ಏನಂದ?" ಎಂದ ಕ್ಯಾಪ್ಟನ್.

ಡೂಗಲ್ಡ್‌ನ ಹಣೆಯಲ್ಲಿ ಬೆವರು ಮೂಡಿತ್ತು. "ಅಪ್ಪ ಸತ್ತು ವರ್ಷ ತುಂಬಿಲ್ಲ, ಆ ಹೆಸರು ಹೇಳ್ಕೊಳ್ಳೋಕೆ ಬಾಯಿ ಬರ್ತಿಲ್ಲ ಅಂತಿದಾನೆ."

"ಬಾಯಿ ಬರದಿದ್ದರೆ ಕುತ್ತಿಗೆಯಾದರೂ ಹೋಗುತ್ತೆ ಅಂತ ಹೇಳು." ಕ್ಯಾಪ್ಟನ್ ಸಿಪಾಯಿಗೆ ಸನ್ನೆ ಮಾಡಿದ. ಸಿಪಾಯಿ ಹಗ್ಗದ ತುದಿಯನ್ನು ಬಾಗಿಲ ಮೇಲಿನ ತೊಲೆಗೆ ಎಸೆದ. ಮೊದಲ ಸಲ ಸಿಗಲಿಲ್ಲ, ಎರಡನೆಯ ಸಲ ದಾಟಿ ಈಚೆಗೆ ಬಿತ್ತು.

"ಲಾಕ್ಲನ್, ಮುಟ್ಟಪ್ಪ," ಎಂದಳು ಶೀಲಸ್. ಅವಳ ಜೋರು ಬಾಯಿ ಎಲ್ಲಿಗೋ ಹೋಗಿತ್ತು. "ನಿನ್ನ ಕಾಲಿಗೆ ಬೀಳ್ತೀನಿ, ಮುಟ್ಟು."

ಅವನು ತಲೆ ಅಲ್ಲಾಡಿಸಿದ. ಆ ಮನೆಯವರ ಹಟವೇ ಹಾಗೆ, ಕಪ್ಪು ಕೂದಲಿಗೂ ಕೆಂಪು ಕೂದಲಿಗೂ ಅದರಲ್ಲಿ ಭೇದವಿಲ್ಲ.

ಆಗ ಹಿಂದಿನ ಬಾಗಿಲಿನಿಂದ ದನ ಕಾಯುವವನು ಒಳಗೆ ಬಂದ. ಬೆನ್ನ ಮೇಲೆ ಒಲೆಗೆ ಹಾಕಲು ಜೌಗು ನೆಲದಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳ ಬುಟ್ಟಿ, ಮುಖದ ತುಂಬ ಮಸಿ, ಒಂದು ಕಾಲು ಎಳೆದು ನಡೆಯುತ್ತಿದ್ದ. ಅವನು ಗೋಡೆಯ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮಾರ್ಸಲಿಯ ತೋಳು ಬಿಗಿಯಾಗಿ ಮಗು ಅಳತೊಡಗಿತು. ಗೋಡೆಗೆ ನಿಂತಿದ್ದ ನಮ್ಮವರು ನೆಲ ನೋಡಿದರು, ಒಬ್ಬನೂ ತಲೆ ಎತ್ತಲಿಲ್ಲ. ಅವನು ಅವಸರವಿಲ್ಲದೆ ಬುಟ್ಟಿ ಇಳಿಸಿ, ಹೆಂಟೆಗಳನ್ನು ಒಲೆಯ ಪಕ್ಕ ಜೋಡಿಸಿ, ಕೈ ಒರೆಸಿಕೊಂಡು ಕೈದಿಯ ಎದುರಿಗೆ ಹೋದ. ಎಲ್ಲರೂ ನೋಡುವಂತೆ ಟೋಪಿ ತೆಗೆದ. ಡಾಂಬರು ಮೆತ್ತಿದ ಬೋಳು ತಲೆ ಹೊರಬಿತ್ತು. ಆ ತಲೆಯನ್ನು ತಮ್ಮನ ಮುಂದೆ ಬಗ್ಗಿಸಿದ.

"ಡನ್‌ರೋಯ್," ಎಂದ. "ಮೇಲಿನ ಹುಲ್ಲುಗಾವಲಿಗೆ ದನ ಹೊಡೀಲಾ? ಅಪ್ಪಣೆ ಕೊಟ್ರೆ ಹೊಡೀತೀನಿ. ಈಗ ನೀವೇ ತಾನೆ ಹೇಳಬೇಕಾದವರು. ನಾನು ಮನಸ್ಸಾರೆ ಕೇಳ್ತಿದೀನಿ."

ಹೊರಗಿನವರಿಗೆ ಅದು ಆಳು ಕೇಳಿದ ಮಾತು. ನಮ್ಮವರಿಗೆ ಗೊತ್ತಾಯಿತು. ಹಿರಿಯವನು ಊರೆದುರು ಟೋಪಿ ತೆಗೆದು, ನೆಲದ ಹೆಸರು ಹಿಡಿದು ಕರೆದು, ಇದ್ದದ್ದನ್ನೆಲ್ಲ ಬಿಟ್ಟುಕೊಟ್ಟ. ಆ ಗಳಿಗೆಯಿಂದ ಆಣೆ ಸುಳ್ಳಾಗಿ ಉಳಿಯಲಿಲ್ಲ. ಕಪ್ಪು ಲಾಕ್ಲನ್ ಅಣ್ಣನ ಬಗ್ಗಿದ ತಲೆಯನ್ನೇ ನೋಡಿದ.

"ಹೊಡಿ," ಎಂದ ಕೊನೆಗೆ. ಕೈ ಚಾಚಿ ಕಠಾರಿಯ ಮೇಲಿಟ್ಟ. "ನಾನು ಟಾರ್ಕಿಲ್‌ನ ಮಗ ಲಾಕ್ಲನ್. ಈ ಕಬ್ಬಿಣದಾಣೆ, ನಾನೇ ಡನ್‌ರೋಯ್."

ಡೂಗಲ್ಡ್ ತಿರುಗಿಸಿ ಹೇಳಿದ. ಕ್ಯಾಪ್ಟನ್ ಸಿಪಾಯಿಗೆ ತಲೆಯಾಡಿಸಿದ, ಹಗ್ಗ ಇಳಿಯಿತು. ಯಾರೋ ಬಿಕ್ಕಿದ್ದು ಕೇಳಿಸಿತು. ದನ ಕಾಯುವವನು ಟೋಪಿ ಹಾಕಿಕೊಂಡು ಬಾಗಿಲತ್ತ ಹೊರಟಿದ್ದ.

"ನಿಲ್ಲು," ಎಂದ ಕ್ಯಾಪ್ಟನ್. "ಇವನ್ಯಾರು? ಈ ಕಾಲಿಗೆ ಏನಾಗಿದೆ? ವಯಸ್ಸಿನ ಗಂಡಸು, ಗಾಯ ಹೊಸದು. ಹೆಸರೇನು, ಯಾರ ಮಗ?"

ಅವನು ನಿಂತ. ಇಂಗ್ಲಿಷ್ ಅರ್ಥವಾಗದವನಂತೆ ಡೂಗಲ್ಡ್‌ನತ್ತ ನೋಡಿದ. ಈಗ ಅವನಿಗೆ ಹೇಳಿಕೊಳ್ಳಲು ಹೆಸರಿರಲಿಲ್ಲ. ಇದ್ದದ್ದನ್ನು ಈಗಷ್ಟೇ ಕೊಟ್ಟುಬಿಟ್ಟಿದ್ದ. ಬಾಯಿಗೆ ಬಂದದ್ದನ್ನು ಹೇಳಿದರೆ ಮರುಗಳಿಗೆ ಗೋಡೆಗೆ ನಿಂತವರಲ್ಲಿ ಒಬ್ಬೊಬ್ಬರನ್ನೂ ಹೊರಗೆ ಕರೆದು ಕೇಳುತ್ತಾರೆ, ಮಾತು ಬೇರೆ ಬೇರೆಯಾಗುತ್ತದೆ.

"ಫರ್ಖರ್," ಎಂದಳು ಶೀಲಸ್.

ಆ ಹೆಸರನ್ನು ಅವಳು ತನ್ನ ಕೂಸನ್ನು ಮಣ್ಣು ಮಾಡಿದ ದಿನದಿಂದ ಬಾಯಿ ಬಿಟ್ಟು ಹೇಳಿರಲಿಲ್ಲ. ಗಂಡನ ಎದುರಿಗೂ ಹೇಳಿರಲಿಲ್ಲ. ಗೋಡೆಗೆ ನಿಂತಿದ್ದ ಹೆಂಗಸರಲ್ಲಿ ಆ ಕೂಸನ್ನು ತೊಳೆದು ಬಟ್ಟೆ ಸುತ್ತಿದವಳೂ ಇದ್ದಳು.

"ಫರ್ಖರ್, ಕಮ್ಮಾರ ಎವನ್‌ನ ಮಗ. ಎವನ್, ಕಮ್ಮಾರ ಫರ್ಖರ್‌ನ ಮಗ. ಅಲ್ಲಿಗೆ ಮುಗೀತು, ನಮ್ಮ ವಂಶಾವಳಿ ಗಿಡ್ಡದು. ನನ್ನ ಹೊಟ್ಟೇಲಿ ಹುಟ್ಟಿದ ಮಗ. ದನ ಒದ್ದು ಕಾಲು ಮುರಿದಿದೆ, ತಲೆ ತುಂಬ ಹುಳುಕಡ್ಡಿ. ಬೇಕಾದ್ರೆ ಹತ್ತಿರ ಬಂದು ಮುಟ್ಟಿ ನೋಡೋಕೆ ಹೇಳು."

ಕ್ಯಾಪ್ಟನ್ ಗೋಡೆಯತ್ತ ತಿರುಗಿ, ಕೂಸಿಗೆ ಬಟ್ಟೆ ಸುತ್ತಿದ ಆ ಮುದುಕಿಯನ್ನೇ ಬೆರಳು ಮಾಡಿ ಕರೆದ. "ಇವನು ಯಾರು?"

"ಫರ್ಖರ್," ಎಂದಳು ಅವಳು. "ಹುಟ್ಟಿದ ದಿನ ನಾನೇ ಎತ್ಕೊಂಡಿದ್ದೆ. ಆವತ್ತೂ ಇಷ್ಟೇ ಚೆಂದ ಇದ್ದ."

ಕ್ಯಾಪ್ಟನ್ ಒಂದು ಹೆಜ್ಜೆ ಮುಂದಿಟ್ಟವನು ಡಾಂಬರಿನ ನಾತಕ್ಕೆ ಮೂಗು ಸಿಂಡರಿಸಿ ಹಿಂದೆ ಸರಿದ. ಬರಿಗೈಯಲ್ಲಿ ಹೋಗುವವನಲ್ಲ, ಹಿಂಡಿನಲ್ಲಿದ್ದ ಒಳ್ಳೊಳ್ಳೆಯ ಹಸುಗಳನ್ನು ಆರಿಸಿಕೊಂಡೇ ಹೋದ. ಸೂರುಗಳಿಗೆ ಬೆಂಕಿ ಬೀಳಲಿಲ್ಲ. ಡೂಗಲ್ಡ್ ಕೊನೆಯಲ್ಲಿ ಹೊರಟವನು ಹೊಸ್ತಿಲಲ್ಲಿ ತಡೆದು ಶೀಲಸ್‌ಗೆ ಹೇಳಿದ, "ಕೇಳಿದ್ದನ್ನ ತಿರುಗಿಸಿ ಹೇಳೋದಕ್ಕೆ ನನಗೆ ಸಂಬಳ ಕೊಡ್ತಾರೆ, ಅವ್ವ. ನೋಡಿದ್ದನ್ನ ಹೇಳು ಅಂತ ಯಾರೂ ಕೇಳಿಲ್ಲ."

ಅವರು ಗುಡ್ಡ ದಾಟಿದ ಮೇಲೆ ಕಪ್ಪು ಲಾಕ್ಲನ್ ಅಣ್ಣನ ಕಾಲು ಹಿಡಿದು ಅತ್ತ. ಎಲ್ಲ ತಣ್ಣಗಾದ ಮೇಲೆ ವಾಪಸ್ ತಗೋ ಎಂದ. ಅಣ್ಣ, "ಕಬ್ಬಿಣ ಮುಟ್ಟಿ ಹೇಳಿದ್ದನ್ನ ತಣ್ಣಗಾದ ಮೇಲೆ ಬದಲಾಯಿಸ್ತಾರಾ?" ಎಂದು ಕೇಳಿ ಕೊಟ್ಟಿಗೆಗೆ ಹೋದ. ಮರುವರ್ಷ ದಂಗೆಕೋರರಿಗೆ ಕ್ಷಮೆ ಸಿಕ್ಕಿತು. ಫರ್ಖರ್‌ಗೆ ಅದರಿಂದ ಏನೂ ಆಗಬೇಕಾದ್ದಿರಲಿಲ್ಲ. ಅವನು ಬದುಕಿದ್ದಾನೆಂದು ಗೊತ್ತಾದರೆ ತಮ್ಮ ಸುಳ್ಳುಗಾರ, ನೆಲ ರಾಜನಿಗೆ. ಅವನು ತಲೆ ಬೋಳಿಸಿಕೊಳ್ಳುವುದನ್ನು ಸಾಯುವವರೆಗೂ ಬಿಡಲಿಲ್ಲ.

ಮಾರ್ಸಲಿ ಹೊರಗಿನವರ ಕಣ್ಣಿಗೆ ವಿಧವೆ. ಗಂಡನ ಜೊತೆ ಒಂದೇ ಸೂರಿನಡಿ ಇರಬೇಕಾದರೆ ಅವನನ್ನು ಮತ್ತೊಮ್ಮೆ ಮದುವೆಯಾಗದೆ ಬೇರೆ ದಾರಿ ಇರಲಿಲ್ಲ. ಹೊರಗಿನಿಂದ ಬಂದ ಪಾದ್ರಿ, ದೊರೆ ಮನೆಯ ಸೊಸೆ ದನ ಕಾಯುವವನನ್ನು ಕಟ್ಟಿಕೊಳ್ಳುವುದೇ ಎಂದು ಬಹಳ ಬುದ್ಧಿ ಹೇಳಿದ. ಡನ್‌ರೋಯ್ ತಾನೇ ನಿಂತು ಧಾರೆ ಎರೆದ ಹಾಗೆ ಅವಳ ಕೈ ಹಿಡಿದು ಕೊಟ್ಟ. ಮದುವೆಯಲ್ಲಿ ಇಡೀ ಊರು ನಕ್ಕಿತು, ಆಮೇಲೆ ಮನೆಗಳಿಗೆ ಹೋಗಿ ಅತ್ತಿತು. ಕೂಸಿಗೆ ಅಜ್ಜನ ಹೆಸರು, ಟಾರ್ಕಿಲ್. ಅವನಿಗೆ ನಿಜ ಹೇಳುವುದಿಲ್ಲವೆಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಮಕ್ಕಳ ಬಾಯಿಗೆ ಬೀಗ ಹಾಕಲಾಗುವುದಿಲ್ಲ, ಆ ಬಾಯಿಯಿಂದ ಚಿಕ್ಕಪ್ಪನ ಕುತ್ತಿಗೆಗೆ ಹಗ್ಗ ಬರಬಹುದು.

ಆ ಟಾರ್ಕಿಲ್ ನಮ್ಮಪ್ಪ. ಅವನಿಗೆ ಏಳೆಂಟು ವರ್ಷವಿದ್ದಾಗ ಒಂದು ಸಂಜೆ ಮಳೆ ಬರುವಂತಿತ್ತು, ಹೊಳೆಯ ಆಚೆಯ ಹಸುಗಳನ್ನು ಹೊಡೆದುಕೊಂಡು ಬಾ ಎಂದು ಫರ್ಖರ್ ಹೇಳಿದ. ಹುಡುಗ ಕದಲಲಿಲ್ಲ. ಯಾರೋ ಅವನನ್ನು ದನದವನ ಮಗ ಎಂದು ಹಂಗಿಸಿದ್ದರು.

"ನನಗೆ ಹೇಳೋಕೆ ನೀನ್ಯಾರು? ನೀನು ನನ್ನಪ್ಪ ಅಲ್ಲ. ನಮ್ಮಪ್ಪ ಕಲೋಡನ್‌ನಲ್ಲಿ ಕತ್ತಿ ಹಿಡಿದು ಸತ್ತ. ನೀನು ಕೊಟ್ಟಿಗೇಲಿ ದನದ ಹಿಂದೆ ಅಡಗಿ ಕೂತಿದ್ದೆ."

ಬೆಣ್ಣೆ ಕಡೆಯುತ್ತಿದ್ದ ಮಾರ್ಸಲಿ ಎದ್ದು ಕೈ ಎತ್ತಿದಳು. ಫರ್ಖರ್ ಬೇಡವೆಂದು ಕಣ್ಣಲ್ಲೇ ಹೇಳಿದ.

"ಹೌದು ಮಗ," ಎಂದ. "ಅವನು ಗಟ್ಟಿ ಮನುಷ್ಯ."

ಹುಡುಗನ ಮುಖ ಸ್ವಲ್ಪ ಸಡಿಲವಾಯಿತು. "ನೀನು ಅವನನ್ನ ನೋಡಿದ್ಯಾ?"

"ನೋಡಿದ್ದೆ."

"ಹೇಗಿದ್ದ?"

ಫರ್ಖರ್ ಹುಡುಗನನ್ನು ಮೇಲಿಂದ ಕೆಳಗೆ ನೋಡಿದ. "ಮೊಂಡ. ಯಾರು ಹೇಳಿದ್ರೂ ಕೇಳ್ತಿರಲಿಲ್ಲ. ನಿಂತರೆ ಥೇಟ್ ನಿನ್ನ ಹಾಗೇ ನಿಲ್ತಿದ್ದ."

ಅಪ್ಪನ ಹಾಗಿದ್ದೇನೆ ಎಂದು ಕೇಳಿ ಹಿಗ್ಗಿದ ಹುಡುಗ ಕೋಲು ತೆಗೆದುಕೊಂಡು ಓಡಿದ, ಮಳೆ ಬೀಳುವ ಮುಂಚೆ ಹಸುಗಳನ್ನೆಲ್ಲ ಹೊಡೆದುಕೊಂಡು ಬಂದ.